ಆರನೆಯ ಸಾಲಿನ ರಿಂಗು

ಬೊರಿವಲಿಯ ಚಾಳಿನಲ್ಲಿ ಬಸಲಿಂಗವ್ವನ ಖೋಲಿಗೂ ಕೇಶವಮೂರ್ತಿಯವರ ಖೋಲಿಗೂ ನಡುವೆ ಇದ್ದದ್ದು ಒಂದೇ ಗೋಡೆ. ಆ ಗೋಡೆಯ ಆಚೆ ಬದಿಗೆ ಕೇಶವಮೂರ್ತಿಯವರ ಮಗಳು ಕೌಸಲ್ಯಾ, ಮೆಲ್ಬೋರ್ನಿನ ಒಲಿಂಪಿಕ್ಸಿನಲ್ಲಿ ಆಡಿದ ಹುಡುಗಿಯರ ಚಿತ್ರಗಳನ್ನು ಪೇಪರಿನಿಂದ ಕತ್ತರಿಸಿ ಗಂಜಿಯಲ್ಲಿ ಅಂಟಿಸಿದ್ದಳು. ಬಸಲಿಂಗವ್ವ ದಿನಕ್ಕೊಮ್ಮೆ ಹೋಗಿ ಅವರನ್ನು ನೋಡಿಬರುವಳು. ಆ ಹುಡುಗಿಯರ ಊರು ಹೆಸರು ಅವಳಿಗೆ ಗೊತ್ತಿರಲಿಲ್ಲ, ತಾನೇ ಹೆಸರಿಟ್ಟುಕೊಂಡಿದ್ದಳು. ಎಡಗೈ ಅಂಗೈಯಲ್ಲಿ ಚೆಂಡು ಹಿಡಿದು ಅದನ್ನೇ ದಿಟ್ಟಿಸುತ್ತಿದ್ದವಳು ‘ಪೂಜಿ ಹುಡುಗಿ’. ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ತಾನು ಪ್ರತಿ ಬೆಳಗ್ಗೆ ಕೂರುವುದೂ ಹಾಗೆಯೇ.

“ಈಕಿ ಭಾಳ ಭಕ್ತಿವಂತಿ ಅದಾಳ ನೋಡು,” ಎನ್ನುವಳು.

“ಅಜ್ಜಿ, ಅದು ಚೆಂಡು! ಕೆಳಗೆ ಬೀಳಬಾರದು ಅಂತ ನೋಡ್ತಿದ್ದಾಳೆ, ಅಷ್ಟೇ.”

“ಭಕ್ತಿ ಅಂದ್ರೂ ಅದನ ಅಲ್ಲೇನು?”

ಕೌಸಲ್ಯಾಳದ್ದು ಚೆಂಡಲ್ಲ, ರಿಂಗು. ಬುಟ್ಟಿ ಹೆಣೆಯುವವನಿಂದ ಬೆತ್ತ ಬಾಗಿಸಿ ಮಾಡಿಸಿದ್ದು, ನಿಲ್ಲಿಸಿದರೆ ಅವಳ ಸೊಂಟದ ಮಟ್ಟ ಬರುತ್ತಿತ್ತು. ಬಾಂದ್ರಾದ ಶಾಲೆಯೊಂದರ ಹಾಲಿನಲ್ಲಿ ವೈದ್ಯಬಾಯಿ ಎಂಬ ಪಿ.ಟಿ. ಟೀಚರು ಶನಿವಾರ ಶನಿವಾರ ಹಾರ್ಮೋನಿಯಂ ನುಡಿಸಿ ಈ ಡ್ರಿಲ್ ಕಲಿಸುತ್ತಿದ್ದರು. ಕೇಶವಮೂರ್ತಿಗೆ ಫೋರ್ಟಿನ ಆಫೀಸು, ಅವರ ಹೆಂಡತಿ ಸರಸ್ವತಿಗೆ ಕೈಗೂಸು. ಹಾಗಾಗಿ ಹುಡುಗಿಯನ್ನು ಲೋಕಲ್‌ನಲ್ಲಿ ಕರೆದೊಯ್ದು ಕರೆತರುವ ಕೆಲಸ ಬಸಲಿಂಗವ್ವನ ಪಾಲಿಗೆ ಬಂತು. ಹಾಲಿನ ಒಳಗೆ ಹೊರಗಿನವರಿಗೆ ಪ್ರವೇಶವಿಲ್ಲ. ಅವಳು ಚಪ್ಪಲಿಗಳ ಜೊತೆ ವರಾಂಡದಲ್ಲಿ ಕೂತು, ಕಿಟಕಿಯ ಸರಳುಗಳ ನಡುವೆ ರಿಂಗುಗಳು ಏಳುವುದನ್ನೂ ಇಳಿಯುವುದನ್ನೂ ನೋಡುವಳು. ಆ ಒಂದು ಗಂಟೆಗಾಗಿ ವಾರವಿಡೀ ಕಾಯುವಳು.

ಮನೆಯಲ್ಲಿ ಅಭ್ಯಾಸಕ್ಕೆ ಹಾರ್ಮೋನಿಯಂ ಎಲ್ಲಿಂದ ಬರಬೇಕು? “ಅಜ್ಜಿ, ತಾಳಕ್ಕೆ ಏನಾದ್ರೂ ಹೇಳಿ, ಬಸ್,” ಎಂದಳು ಕೌಸಲ್ಯಾ ಒಂದು ದಿನ, ಚಾಳಿನ ತಾರಸಿಯ ಮೇಲೆ. ಬಸಲಿಂಗವ್ವನಿಗೆ ಓದು ಬರಹ ಬಾರದು. ಆದರೆ ವಿಜಾಪುರದ ಕಡೆಯ ತವರಿನಲ್ಲಿ ಅಪ್ಪ ಶ್ರಾವಣವಿಡೀ ಪುರಾಣ ಹೇಳಿಸುತ್ತಿದ್ದ. ಕೇಳಿ ಕೇಳಿ ಷಟ್ಪದಿಗಳು ಬಾಯಿಗೆ ಬಂದಿದ್ದವು. ಹೇಳತೊಡಗಿದಳು. ಎರಡು ಸಾಲು ಗಿಡ್ಡ, ಮೂರನೆಯದು ಉದ್ದ. ಮತ್ತೆರಡು ಗಿಡ್ಡ, ಆರನೆಯದು ಉದ್ದ. ಗಿಡ್ಡ ಸಾಲಿಗೆ ಕೌಸಲ್ಯಾ ರಿಂಗನ್ನು ಮಣಿಕಟ್ಟಿನ ಮೇಲೆ ತಿರುಗಿಸುವಳು, ಮೂರನೆಯದಕ್ಕೆ ಅದರೊಳಗೆ ನುಸುಳಿ ಬರುವಳು, ಆರನೆಯದಕ್ಕೆ ಮೇಲಕ್ಕೆಸೆಯುವಳು. ಪದ್ಯ ಮುಗಿದೊಡನೆ ಬಸಲಿಂಗವ್ವ, ತವರಿನಲ್ಲಿ ಕೇಳುವವರೆಲ್ಲ ಅನ್ನುತ್ತಿದ್ದಂತೆ, “ಹರಹರ!” ಎನ್ನುವಳು. ಹುಡುಗಿ ರಿಂಗು ಹಿಡಿದು, ಎದೆಗಿಟ್ಟು, ತಲೆಬಾಗಿ ನಿಂತುಬಿಡುವಳು. ಹೇಳುವವಳಿಗೆ ಉಸಿರು ಬೇಕು, ಆಡುವವಳಿಗೂ ಬೇಕು. ನಾಲ್ಕು ತಿಂಗಳು ಹೀಗೇ ನಡೆಯಿತು.

ಜನವರಿಯ ಒಂದು ರವಿವಾರ ಬೆಳಗ್ಗೆ ಬಾಂದ್ರಾದ ಮೈದಾನದಲ್ಲಿ ಪಂದ್ಯ. ಮೊದಲ ಮೂವರು ಪುಣೆಯಲ್ಲಿ ಮುಂಬಯಿಯ ಪರವಾಗಿ ಆಡುವರು. ಕೌಸಲ್ಯಾಳಿಗೆ ಮುಂದಿನ ವರ್ಷ ಮ್ಯಾಟ್ರಿಕ್. “ಮ್ಯಾಟ್ರಿಕ್ ವರ್ಷ ಡ್ರಿಲ್ಲೂ ಇಲ್ಲ, ಗಿಲ್ಲೂ ಇಲ್ಲ,” ಎಂದು ಕೇಶವಮೂರ್ತಿ ಮೊದಲೇ ಹೇಳಿಯಾಗಿತ್ತು. ಇದೊಂದೇ ಅವಕಾಶ.

ಬಸಲಿಂಗವ್ವ ಪೆಂಡಾಲಿನಲ್ಲಿ ಮುಂದಿನ ಸಾಲಿನಲ್ಲೇ ಕೂತಳು. ಆದರೆ ನೋಡುತ್ತ ನೋಡುತ್ತ ಅವಳಿಗೆ ಯಾವುದೂ ತಿಳಿಯದಾಯಿತು. ಖಾರ್‌ನ ಹುಡುಗಿಯೊಬ್ಬಳು ನೀರು ಹರಿದಂತೆ ಆಡಿದಳು. ರಿಂಗು ಒಮ್ಮೆಯೂ ಕೈ ತಪ್ಪಲಿಲ್ಲ. ದಾದರಿನವಳ ರಿಂಗು ಎರಡು ಸಲ ಬಿತ್ತು. ಒಂದು ಸಲ ಉರುಳಿಕೊಂಡು ಪರೀಕ್ಷಕರ ಮೇಜಿನ ಕೆಳಗೇ ಹೋಗಿ ಮಲಗಿತು. ಅಂಕ ಹೇಳಿದಾಗ ದಾದರಿನವಳಿಗೇ ಹೆಚ್ಚು.

“ಬೀಳಿಸಿದಾಕಿಗೆ ಜಾಸ್ತಿ, ಬೀಳಿಸದಾಕಿಗೆ ಕಮ್ಮಿ. ಇದ್ಯಾವ ನ್ಯಾಯ?” ಎಂದು ಪಕ್ಕದಲ್ಲಿದ್ದ ಮರಾಠಿ ಹೆಂಗಸನ್ನು ಕೇಳಿದಳು. ದಾದರಿನವಳು ಮಾಡಿದ್ದು ಕಷ್ಟದ್ದು, ಖಾರ್‌ನವಳದ್ದು ಸುಲಭ, ಮೇಲಾಗಿ ಆಕೆಯ ಕಾಲ್ಬೆರಳು ನೆಟ್ಟಗಿರಲಿಲ್ಲ ಎಂದು ಆಕೆ ಅರ್ಧ ಮರಾಠಿ ಅರ್ಧ ಕೈಸನ್ನೆಯಲ್ಲಿ ತಿಳಿಸಿದಳು. ಬಸಲಿಂಗವ್ವ ಬಗ್ಗಿ ತನ್ನ ಕಾಲ್ಬೆರಳುಗಳನ್ನು ನೋಡಿಕೊಂಡಳು. ಇಷ್ಟು ದಿನ ತಾನು ರಿಂಗನ್ನಷ್ಟೇ ನೋಡಿದ್ದೆ. ಈ ಆಟ ಕಾಲ್ಬೆರಳಿನಲ್ಲೂ ಇದೆಯೆಂದರೆ ತಾನು ನೋಡಿದ್ದಾದರೂ ಏನು?

ಕೌಸಲ್ಯಾ ಬಂದಳು. ವೈದ್ಯಬಾಯಿ ಹಾರ್ಮೋನಿಯಂ ಹಿಡಿದರು. ಮೊದಲ ಸುತ್ತಿಗೇ ಬಸಲಿಂಗವ್ವನ ಗೊಂದಲವೆಲ್ಲ ಹಾರಿಹೋಯಿತು. ಹುಡುಗಿಯ ಹೆಜ್ಜೆ ತನ್ನದೇ ಪದ್ಯದ ನಡಿಗೆ! ಗಿಡ್ಡ, ಗಿಡ್ಡ, ಉದ್ದ. ತುಟಿಗಳು ತಾವೇ ಅಲುಗತೊಡಗಿದವು. ಹುಡುಗಿ ನುಸುಳಿದಳು, ಎದ್ದಳು, ತಿರುಗಿದಳು, ಆರನೆಯ ಸಾಲಿಗೆ ರಿಂಗು ಎಸೆದಳು. ಅದು ಪೆಂಡಾಲಿನ ಬಟ್ಟೆಯವರೆಗೂ ಏರಿತು. ಹಿಂದೆಂದೂ ಅಷ್ಟು ಎತ್ತರ ಹೋಗಿರಲಿಲ್ಲ.

“ಹರಹರ!”

ಮೈದಾನಕ್ಕೆಲ್ಲ ಕೇಳುವಂತೆ ಅಂದಿದ್ದಳು. ಕೌಸಲ್ಯಾ ರಿಂಗು ಹಿಡಿದಳು, ಎದೆಗಿಟ್ಟಳು, ತಲೆಬಾಗಿ ನಿಂತಳು. ಹಾರ್ಮೋನಿಯಂ ನಿಲ್ಲಲಿಲ್ಲ. ಅದು ನುಡಿಯುತ್ತಲೇ ಇತ್ತು. ಇನ್ನೂ ಎರಡು ಸುತ್ತು ಬಾಕಿಯಿತ್ತು. ನಾಲ್ಕು ತಾಳ ಕಳೆದ ಮೇಲೆ ಹುಡುಗಿ ಬೆಚ್ಚಿ ತಲೆಯೆತ್ತಿ, ಓಡಿ ಬಸ್ಸು ಹಿಡಿಯುವವರಂತೆ ಹಾಡನ್ನು ಹಿಡಿದಳು. ಬಸಲಿಂಗವ್ವ ಸೆರಗನ್ನು ಬಾಯಿಗೆ ತುರುಕಿಕೊಂಡು ಕೂತಳು.

ಕೌಸಲ್ಯಾ ನಾಲ್ಕನೆಯವಳಾದಳು.

ವೈದ್ಯಬಾಯಿ ಬಂದು ಮರಾಠಿಯಲ್ಲಿ ಹೇಳಿದ್ದು ಬಸಲಿಂಗವ್ವನನ್ನು ಇನ್ನಷ್ಟು ಕಂಗೆಡಿಸಿತು. ಒಬ್ಬ ಪರೀಕ್ಷಕರು ಆ ನಿಲುಗಡೆಗಾಗಿಯೇ ಎರಡು ಅಂಕ ಕಳೆದಿದ್ದರು. ಇನ್ನೊಬ್ಬರು, ಇಡೀ ದಿನದಲ್ಲಿ ಅಷ್ಟು ಚೆಂದ ನಿಂತವರು ಯಾರೂ ಇಲ್ಲವೆಂದು ಒಂದು ಅಂಕ ಹೆಚ್ಚಿಗೆ ಕೊಟ್ಟಿದ್ದರು. ನಾಲ್ಕನೆಯವಳು ಎಕ್ಸ್‌ಟ್ರಾ ಆಗಿ ಪುಣೆಗೆ ಹೋಗುವಳು. ಮೂವರಲ್ಲಿ ಯಾರಿಗಾದರೂ ಏನಾದರೂ ಆದರೆ ಮಾತ್ರ ಆಡುವಳು.

“ಅಂದ್ರ ನಾ ಕೆಡಿಸಿದ್ನೋ, ಒಳ್ಳೇದು ಮಾಡಿದ್ನೋ?”

ವೈದ್ಯಬಾಯಿಗೆ ಕನ್ನಡ ಬಾರದು. ಕೌಸಲ್ಯಾ ರಿಂಗನ್ನು ಹೆಗಲಿಗೇರಿಸಿ ಸ್ಟೇಷನ್ನಿನ ಕಡೆ ನಡೆದುಬಿಟ್ಟಳು.

ಲೇಡೀಸ್ ಡಬ್ಬಿಯಲ್ಲಿ ಜನ ಕಡಿಮೆ. ಅಂಧೇರಿಯವರೆಗೂ ಹುಡುಗಿ ಕಿಟಕಿಯತ್ತಲೇ ಮುಖ ಮಾಡಿದ್ದಳು.

“ತಪ್ಪಾತವ್ವಾ. ಇನ್ನ ನಾ ನಿನ್ನ ಮುಂದ ಬಾಯಿ ಬಿಡಂಗಿಲ್ಲ. ಮುಂದಿನ ವಾರದಿಂದ ನಿಮ್ಮಪ್ಪಗ ಹೇಳಿ ಬ್ಯಾರೇ ಯಾರನ್ನಾರ—”

“ಅರೆ, ಬಾಯಿ ಬಿಡದಿದ್ರೆ ಹೇಗೆ?” ಕೌಸಲ್ಯಾ ತಿರುಗಿದಳು. ಕಣ್ಣು ಕೆಂಪಾಗಿತ್ತು. “ಪುಣೆಗೆ ಇನ್ನು ಇಪ್ಪತ್ತೇ ದಿನ. ನೀವು ಹರಹರ ಅಂದ್ರೆ ನನ್ನ ಕಾಲು ನಿಂತುಹೋಗತ್ತೆ. ಅದು ಬಿಡಬೇಕು. ಇವತ್ತಿನಿಂದ ಹರಹರ ಅನ್ನೋದನ್ನ ಎಲ್ಲೆಲ್ಲೋ ಅನ್ನಿ. ಮಧ್ಯದಲ್ಲಿ, ಶುರುವಲ್ಲಿ, ಎಲ್ಲಿ ಬೇಕಾದ್ರೂ. ನಾನು ನಿಲ್ಲಬಾರದು.”

“ಹುಚ್ಚು ಹಿಡದೈತೇನ ನಿನಗ? ಪದ್ಯ ಮುಗಿಯೋದ್ರಾಗ ಹರಹರ ಅಂತಾರೇನು? ಅದು ಹೇಳಾವ್ರ ಬಾಯಿ ಹೊಲಿದಂಗ. ಹಂಗ ಅಂದಾಕಿಗೆ ನಮ್ಮಪ್ಪ ಕಟ್ಟಿ ಮ್ಯಾಲಿಂದ ಎಬ್ಬಿಸಿ ಕಳಿಸಿದ್ದ.”

“ಯಾರನ್ನ?”

“ನನ್ನನ್ನ. ಆರು ವರ್ಷದಾಕಿ ಇದ್ದೆ. ನಿದ್ದಿಗಣ್ಣಾಗ ಅಂದ್ಬಿಟ್ಟಿದ್ದೆ.”

ಕೌಸಲ್ಯಾಳಿಗೆ ನಗು ತಡೆಯಲಾಗಲಿಲ್ಲ. ಎದ್ದು, ಸೀಟುಗಳ ನಡುವಿನ ಖಾಲಿ ಜಾಗದಲ್ಲಿ ನಿಂತು ರಿಂಗನ್ನು ಮಣಿಕಟ್ಟಿಗೆ ಹಾಕಿದಳು. “ಈಗ ಯಾರೂ ಎಬ್ಬಿಸಲ್ಲ ಅಜ್ಜಿ. ಹೇಳಿ.”

ಬಸಲಿಂಗವ್ವ ಕೊರಳಲ್ಲಿನ ಇಷ್ಟಲಿಂಗದ ಕರಡಿಗೆಯನ್ನು ಮುಟ್ಟಿ, ಒಳಗೇ ಕ್ಷಮೆ ಬೇಡಿ, ಪದ್ಯ ಹಿಡಿದಳು. ಒಂದನೆಯ ಸಾಲು. ಎರಡನೆಯ ಸಾಲಿನ ನಡುವೆ ಕಣ್ಣು ಮುಚ್ಚಿ, “ಹರಹರ,” ಎಂದಳು. ಕಣ್ಣು ತೆರೆದರೆ ರಿಂಗು ಹುಡುಗಿಯ ಎದೆಯ ಮೇಲಿತ್ತು.

“ಇನ್ನೊಮ್ಮೆ,” ಎಂದಳು ಕೌಸಲ್ಯಾ.

ಗೋರೆಗಾಂವ್ ದಾಟಿತು, ಮಲಾಡ್ ದಾಟಿತು. ನಾಲ್ಕನೆಯ ಸಲ ರಿಂಗು ನಡುಗಿತು, ನಿಲ್ಲಲಿಲ್ಲ. ಐದನೆಯ ಸಲ ನಡುಗಲೂ ಇಲ್ಲ. ಬಸಲಿಂಗವ್ವ ಹೇಳುತ್ತ ಹೋದಳು. ಆರನೆಯ ಸಾಲೂ ಮುಗಿಯಿತು. ಅನ್ನಲೇಬೇಕಾದ ಜಾಗ ಬಂದಾಗ ಮಾತ್ರ ಅವಳ ಬಾಯಿ ಏಳಲಿಲ್ಲ. ಇಲ್ಲಿ ಅಂದರೆ ರಿಂಗು ನಿಂತೀತೋ? ಅನ್ನದಿದ್ದರೆ ಪದ್ಯ ಮುಗಿದಂತಾದೀತೋ? ಅವಳು ಹುಡುಗಿಯ ಮುಖ ನೋಡಿದಳು. ಕೌಸಲ್ಯಾ ಅವಳತ್ತ ನೋಡುತ್ತಿರಲಿಲ್ಲ. ಅವಳ ಕಣ್ಣು ತಿರುಗುತ್ತಿದ್ದ ಬೆತ್ತದ ಮೇಲಿತ್ತು, ಗೋಡೆಯ ಮೇಲಿನ ಆ ಪೂಜಿ ಹುಡುಗಿಯ ಹಾಗೆ.

ಬಸಲಿಂಗವ್ವ ಉಸಿರೆಳೆದುಕೊಂಡು, ಅನ್ನದೆಯೇ, ಮುಂದಿನ ಪದ್ಯ ಹಿಡಿದಳು.