ಪೋರ್ಚುಗಲ್ ಪರ ವಕಾಲತ್ತು

ಚೀಟಿ ಎತ್ತಿದಾಗ ನನ್ನ ಮಗಳು ಯಾಮಿನಿಗೆ ಪೋರ್ಚುಗಲ್ ಬಂತು. ನಮ್ಮ ಮನೆಯ ನೆಮ್ಮದಿ ಹಾಳಾಗಲು ಅಷ್ಟೇ ಸಾಕಾಯಿತು.

ಶಾಲೆಯ ಮಕ್ಕಳು ಒಂದೊಂದು ದೇಶದ ಪ್ರತಿನಿಧಿಗಳಾಗಿ ವಿಶ್ವಸಂಸ್ಥೆಯ ಸಭೆ ನಡೆಸುವ ಸ್ಪರ್ಧೆಯೊಂದು ಇಲ್ಲಿದೆ. ನಾವಿರುವ ಅಮೆರಿಕದ ಈ ಸಮಾಮಿಶ್ ಊರಿನಲ್ಲಿ ಮಕ್ಕಳಿಗಿಂತ ಅಪ್ಪ ಅಮ್ಮಂದಿರಿಗೇ ಅದರ ಹುಚ್ಚು ಹೆಚ್ಚು. ೨೦೧೬ರ ನವೆಂಬರಿನಲ್ಲಿ ಕೊಟ್ಟ ವಿಷಯ, ೧೯೬೧ರಲ್ಲಿ ಭಾರತ ಗೋವೆಗೆ ಸೇನೆ ಕಳಿಸಿದ್ದು ಯಾಕೆ, ಅದು ಸರಿಯೇ ಎಂಬುದು. ಭಾರತದ ಪರ ಮಾತಾಡುವವಳು ಜಾಸ್ಮಿನ್, ಮಂಗಳೂರಿನ ಲಾಯ್ಡ್ ಅವರ ಮಗಳು, ಮೂರು ಟ್ರೋಫಿ ಗೆದ್ದವಳು. ನಮ್ಮವಳಿಗೆ ಇದೇ ಮೊದಲು. ಹೆದರಿ ಕಂಗಾಲಾಗಿದ್ದಳು.

ಅವಳಿಗೆ ಸಹಾಯ ಮಾಡಬಲ್ಲ ಒಬ್ಬರೇ ಒಬ್ಬರು ಮನೆಯಲ್ಲೇ ಇದ್ದರು. ಅಂಕೋಲೆಯಿಂದ ಬಂದು ನಮ್ಮ ಜೊತೆಗಿದ್ದ ನನ್ನ ಮಾವ ಪುರಂದರ, ೧೯೬೧ರ ಡಿಸೆಂಬರಿನಲ್ಲಿ ಸೇನೆಯ ಲಾರಿ ಓಡಿಸಿಕೊಂಡು ಗೋವೆಗೆ ಹೋಗಿದ್ದವರು. ಆಗ ಅವರಿಗೆ ಇಪ್ಪತ್ತೊಂದು ವರ್ಷ. ಆದರೆ ಮೊಮ್ಮಗಳು ಪೋರ್ಚುಗಲ್ ಪರ ಎಂದು ಗೊತ್ತಾದ ದಿನವೇ ಅವರು ಅವಳ ಜೊತೆ ಮಾತು ಬಿಟ್ಟರು. ಅದು ಚೀಟಿಯಲ್ಲಿ ಬಂದದ್ದು ಮಾವ, ಅವಳ ಅಭಿಪ್ರಾಯವಲ್ಲ ಎಂದು ಹೇಳಿ ಹೇಳಿ ನನ್ನ ಗಂಟಲು ಒಣಗಿತು. ಅಂಥ ಚೀಟಿ ಬಂದರೆ ವಾಪಸ್ ಹಾಕಿ ಬೇರೆ ಎತ್ತಬೇಕಿತ್ತು ಎಂಬುದು ಅವರ ವಾದ. ಎಪ್ಪತ್ತಾರು ವರ್ಷದವರು ಹದಿನಾಲ್ಕು ವರ್ಷದವಳ ಮೇಲೆ ಮುನಿಸಿಕೊಂಡು ತಟ್ಟೆ ಎತ್ತಿಕೊಂಡು ಕೋಣೆಗೆ ಹೋಗುತ್ತಿದ್ದರು. ನನ್ನ ಗಂಡ ಸುರೇಶ್ ಲ್ಯಾಪ್‌ಟಾಪ್‌ನಿಂದ ತಲೆ ಎತ್ತಲಿಲ್ಲ. ನನಗೆ ಮೂವರ ಮೇಲೂ ಸಿಟ್ಟು ಬಂದಿತ್ತು.

ಸ್ಪರ್ಧೆಗೆ ಎರಡು ದಿನ ಇರುವಾಗ ಯಾಮಿನಿ ಗರಾಜಿನಲ್ಲಿ ನಿಂತು ಭಾಷಣ ಅಭ್ಯಾಸ ಮಾಡುತ್ತಿದ್ದಳು. ಭಾರತಕ್ಕೆ ಬೇಕಾಗಿದ್ದುದು ಪ್ರತಿಷ್ಠೆ, ಎದುರಿಗಿದ್ದುದು ಚುನಾವಣೆ, ಗೋವೆಯ ಜನರ ಹೆಸರು ಬರೀ ನೆಪ ಎಂದು ಇಂಗ್ಲಿಷಿನಲ್ಲಿ ಗಡಗಡ ಓದುತ್ತಿದ್ದಳು. ನಾನು ಒಗೆದ ಬಟ್ಟೆ ತೆಗೆಯುತ್ತಿದ್ದೆ. ಮಾವ ಬಾಗಿಲು ತೆಗೆದು ಒಳಗೆ ಬಂದರು. ಇನ್ನು ಕೂಗಾಡುತ್ತಾರೆ ಅಂದುಕೊಂಡೆ.

ಅವರು ಕೂಗಾಡಲಿಲ್ಲ. ಇಷ್ಟಕ್ಕೆಲ್ಲ ಆ ಎದುರಾಳಿ ಹುಡುಗಿ ಸಲೀಸಾಗಿ ಉತ್ತರ ಕೊಟ್ಟುಬಿಡುತ್ತಾಳೆ ಎಂದರು. ಪೋರ್ಚುಗೀಸರು ನಮ್ಮ ಬೆಸ್ತರ ಮೇಲೆ ಗುಂಡು ಹಾರಿಸಿದರು ಅನ್ನುತ್ತಾಳೆ, ನಾಲ್ಕೂವರೆ ಶತಮಾನದ ಪರರ ಆಳ್ವಿಕೆ ಅನ್ನುತ್ತಾಳೆ. ಅವೆಲ್ಲ ನಿಜವೇ. ಅವರ ಹವಾಲ್ದಾರ್ ಮಾತ್ರ ನಾವು ಹೋಗುತ್ತಿರುವುದು ಎಲೆಕ್ಷನ್ನಿಗೆ ಎಂದು ನಗುತ್ತಿದ್ದನಂತೆ. ಆಮೇಲೆ ತಾವು ಹೋದದ್ದು ಯಾಕೆ ಎಂದು ಹೇಳಿದರು. ಅವರ ಅಕ್ಕನನ್ನು ಗೋವೆಯ ಮಡಗಾಂವಿಗೆ ಕೊಟ್ಟಿತ್ತು. ಗಡಿ ಮುಚ್ಚಿದ ಮೇಲೆ ಆರು ವರ್ಷ ಕಾಗದವಿಲ್ಲ, ಸುದ್ದಿಯಿಲ್ಲ. ಸೇನೆ ಹೋಗುವಾಗ ಪೋರ್ಚುಗೀಸರು ಸೇತುವೆಗಳನ್ನು ಒಡೆದುಹಾಕಿದ್ದರು; ಊರವರೇ ದೋಣಿ ತಂದು ದಾಟಿಸಿದರಂತೆ. ಮೂರನೇ ವಾರ ರಜೆ ಕೇಳಿ, ಅಮ್ಮ ಕೊಟ್ಟಿದ್ದ ರವಿಕೆ ಕಣ ಹಿಡಿದುಕೊಂಡು ಸಮವಸ್ತ್ರದಲ್ಲೇ ಅಕ್ಕನ ಮನೆಗೆ ಹೋದರು.

“ಅಕ್ಕ ಹೊಸ್ತಿಲಲ್ಲೇ ನಿಂತಿದ್ಲು. ಭಾವ ಪೋರ್ಚುಗೀಸರ ಕಚೇರೀಲಿ ಗುಮಾಸ್ತ, ನಾವು ಹೋದ ಮೇಲೆ ಅವರ ಕೆಲಸ ಹೋಗಿತ್ತು. ‘ನಿಮ್ಮನ್ನ ಯಾರು ಕರೆದಿದ್ರು?’ ಅಂತ ಕೇಳಿದ್ಲು. ಒಳಗೆ ಬಾ ಅನ್ನಲಿಲ್ಲ. ನನ್ನ ಹತ್ರ ಉತ್ತರ ಇರಲಿಲ್ಲ. ಇವತ್ತಿಗೂ ಇಲ್ಲ. ನೀನು ಅದನ್ನ ಕೇಳು.”

ಯಾಮಿನಿ ಕಾಗದ ಕೆಳಗಿಟ್ಟಳು. ಆಮೇಲೆ ಮಾತಾಡಿದಿರಾ ಎಂದಳು. ಮದುವೆ ಕಾಗದ, ಸಾವಿನ ಸುದ್ದಿ, ಅಷ್ಟೇ ಎಂದರು ಮಾವ. ಮದುವೆಯಾಗಿ ಹದಿನಾರು ವರ್ಷವಾಗಿದ್ದರೂ ನನಗೆ ಅಂಥ ಅಕ್ಕ ಇದ್ದಾರೆಂಬುದೇ ಗೊತ್ತಿರಲಿಲ್ಲ. ಅಷ್ಟು ದಿನ ಅವರ ಮೇಲೆ ಸಿಡುಕಿದ್ದಕ್ಕೆ ನಾಚಿಕೆಯಾಯಿತು.

ಶನಿವಾರ ಯೂನಿವರ್ಸಿಟಿ ಡಿಸ್ಟ್ರಿಕ್ಟ್ ಬಡಾವಣೆಯಲ್ಲಿ ಸ್ಪರ್ಧೆ ನಡೆಯುವ ಸಭಾಂಗಣದಲ್ಲಿ ನಾವು ಹಿಂದಿನ ಸಾಲಿನಲ್ಲಿ ಕೂತೆವು. ಜಾಸ್ಮಿನ್ ಚೆನ್ನಾಗಿಯೇ ಮಾತಾಡಿದಳು. ಯಾಮಿನಿಯ ಸರದಿ ಬಂತು. ಗೋವೆಯ ಜನರಿಗಾಗಿ ಬಂದೆವು ಅನ್ನುತ್ತೀರಿ, ಅವರಲ್ಲಿ ಯಾರು ನಿಮ್ಮನ್ನು ಕರೆದರು, ಕರೆಯದವರ ಮನೆಯವರನ್ನು ಕೇಳಿದಿರಾ ಎಂದು ಕೇಳಿದಳು. ನಾನು ಮಾವನ ಕೈ ಹಿಡಿದುಕೊಂಡೆ.

ಜಾಸ್ಮಿನ್ ತನ್ನ ಕಾಗದಗಳಲ್ಲಿ ಹುಡುಕಿ, ಸಿಗದೆ, ಅವನ್ನು ಪಕ್ಕಕ್ಕೆ ಸರಿಸಿದಳು. ಕೆಲವರು ಕರೆದಿದ್ದರು, ಅದಕ್ಕಾಗಿ ಜೈಲಿಗೂ ಹೋಗಿದ್ದರು. ಎಲ್ಲರೂ ಕರೆದಿರಲಿಲ್ಲ, ನಾವು ಎಲ್ಲರನ್ನೂ ಕೇಳಲೂ ಇಲ್ಲ ಎಂದಳು. ಕರೆಯದವರ ಮನೆ ಬಾಗಿಲಿಗೆ ಈಗಲಾದರೂ ಹೋಗಿ ಕೇಳುವುದು ನಮ್ಮ ಮೇಲಿರುವ ಋಣ, ಅದನ್ನು ಮಾಡದಿದ್ದರೆ ನಾವು ಹೇಳಿದ ಕಾರಣಗಳೆಲ್ಲ ಸುಳ್ಳಾಗುತ್ತವೆ ಎಂದೂ ಸೇರಿಸಿದಳು. ಬಹುಮಾನ ಅವಳಿಗೇ ಬಂತು. ಯಾಮಿನಿ ಎಲ್ಲರಿಗಿಂತ ಮೊದಲು ಹೋಗಿ ಅವಳನ್ನು ತಬ್ಬಿಕೊಂಡಳು.

ಮನೆ ಸೇರಿದಾಗ ಸಂಜೆ ಆರೂವರೆಯಾಗಿತ್ತು, ಅಂದರೆ ಗೋವೆಯಲ್ಲಿ ಭಾನುವಾರದ ಬೆಳಗು. ಮಾವ ತಮ್ಮ ಹಳೇ ಡೈರಿ ತಂದು, ಮಡಗಾಂವಿನ ನಂಬರ್ ತೋರಿಸಿ, ಫೋನ್ ಮಾಡಿಕೊಡು ಎಂದು ಮೊಮ್ಮಗಳಿಗೆ ಹೇಳಿದರು. ಆಕಡೆ ಯಾರೋ ಎತ್ತಿದರು, ಅಜ್ಜಿಯನ್ನು ಕರೆದರು. ಎಂಬತ್ತನಾಲ್ಕರ ಆ ಧ್ವನಿ ಸ್ಪೀಕರಿನಲ್ಲಿ ಗಟ್ಟಿಯಾಗಿಯೇ ಕೇಳಿಸಿತು.

“ಅಕ್ಕಾ, ನಾನು ಪುರಂದರ. ಮುಂದಿನ ತಿಂಗಳು ಊರಿಗೆ ಬರ್ತಿದ್ದೇನೆ. ನಿನ್ನ ಮನೆಗೆ ಬರಬಹುದಾ?”

ಯಾವ ತಾರೀಕು ಎಂದು ಅಕ್ಕ ಕೇಳಿದರು. ಮಾವನಿಗೆ ತಾರೀಕು ನೆನಪಾಗಲಿಲ್ಲ. ಕಣ್ಣು ತುಂಬಿಕೊಂಡು, ಬೇಗ ಟಿಕೆಟ್ ನೋಡು ವೇದಾ ಎಂದು ನನಗೆ ಕೈಸನ್ನೆ ಮಾಡತೊಡಗಿದರು.