ಭಾವನ ‘ಪರವಾಗಿಲ್ಲ’

ಮೂರು ಗುಟುಕು ಬಿಯರ್ ಕುಡಿಯಲು ಮುಕ್ಕಾಲು ಗಂಟೆ ತೆಗೆದುಕೊಳ್ಳುವವರನ್ನು ನೀವು ಕಂಡಿದ್ದೀರೋ ಇಲ್ಲವೋ, ಈ ಕತೆಯ ನಾಯಕಿಗಂತೂ ಅಂಥವರೊಬ್ಬರು ಅಕ್ಕನ ಗಂಡನಾಗಿಯೇ ಗಂಟುಬಿದ್ದಿದ್ದರು. ನೀರು ಸರಬರಾಜು ಕಚೇರಿಯ ಪ್ರಯೋಗಾಲಯದಲ್ಲಿ ಮೂವತ್ತು ವರ್ಷ ಊರಿನ ನೀರನ್ನು ಮೂಸಿ, ಸವಿದು, ಷರಾ ಬರೆದು ನಿವೃತ್ತರಾದವರು. ಹನ್ನೆರಡು ತಿಂಗಳೂ ಬೆವರಿಳಿಯುವ ಆ ದೇಶದಲ್ಲಿ ಕಂದು ಉಣ್ಣೆಯ ಕೋಟು ತೊಟ್ಟು ತಿರುಗುತ್ತಿದ್ದವರು ಅವರೊಬ್ಬರೇ. ಏಕೆಂದು ಕೇಳಿದರೆ ‘ಥರ್ಮಾಮೀಟರಿಗೆ ಜೇಬು ಬೇಕಲ್ಲ’ ಎನ್ನುವರು, ಅಂಗಿಗೂ ಜೇಬಿರುತ್ತದೆಂಬ ಸಂಗತಿ ಅವರ ಗಮನಕ್ಕೆ ಬಂದಂತಿರಲಿಲ್ಲ. ನಡಿಗೆಯೋ, ತುಂಬಿದ ಲೋಟವನ್ನು ತುಳುಕದಂತೆ ಒಯ್ಯುವವರದು. ಕೈ ಬರಿದಾಗಿದ್ದಾಗಲೂ ಹಾಗೆಯೇ. ಮಾತಿಗೆ ಮುಂಚೆ ‘ತಾಳು, ತಾಳು’ ಎಂದು ಎದುರಿನವರ ಬಾಯಿ ಮುಚ್ಚಿಸಿ, ಆಮೇಲೆ ತಾವೂ ಸುಮ್ಮನಾಗಿಬಿಡುವರು.

ಇಷ್ಟನ್ನೆಲ್ಲ ಸಹಿಸಬಹುದಿತ್ತು. ಸಹಿಸಲಾಗದಿದ್ದುದು ಅವರ ‘ಪರವಾಗಿಲ್ಲ’. ಕಾಲು ತುಳಿದವರಿಗೂ ಅದೇ, ಕಣ್ಣೀರಿಟ್ಟವರಿಗೂ ಅದೇ, ಅಪರೂಪಕ್ಕೊಮ್ಮೆ ಮನಸಾರೆ ಮೆಚ್ಚಿದ್ದಕ್ಕೂ ಅದೇ. “ಮದುವೆ ದಿನ ಯಾರೋ, ಹುಡುಗಿ ಹೇಗಿದಾಳಪ್ಪ ಅಂತ ಕೇಳಿದ್ರಂತೆ. ಪರವಾಗಿಲ್ಲ ಅಂದ್ರಂತೆ. ಅದು ಹೊಗಳಿಕೆ ಅಂತ ಗೊತ್ತಾಗೋಕೆ ನನಗೆ ಹತ್ತು ವರ್ಷ ಹಿಡೀತು” ಎಂದು ಅಕ್ಕ ಈಗಲೂ ಹೇಳುತ್ತಾಳೆ.

ತಂಗಿಯಾದ ಇವಳು ಬಿಯರ್ ತಯಾರಿಸುವವಳು. ಟೈರ್ ಅಂಗಡಿಯ ಹಿಂದಿನ ತಗಡಿನ ಶೆಡ್ಡು, ಒಂದು ಉಕ್ಕಿನ ಟ್ಯಾಂಕು, ಒಂದು ಹಳೆಯ ಫ್ರಿಜ್ಜು, ಇಷ್ಟೇ ಅವಳ ಸಾಮ್ರಾಜ್ಯ. ಬಿಸಿಲಿನ ನಾಡಿನಲ್ಲಿ ಬಿಯರನ್ನು ಯಾರೂ ಸವಿಯುವುದಿಲ್ಲ. ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿದ್ದರೆ ಸಾಕು, ಒಳಗೆ ಏನಿದ್ದರೂ ನಡೆಯುತ್ತದೆ. ಅಲ್ಲಿನ ಸೆಕೆಯಲ್ಲೇ ಹುದುಗಿಯೂ ರುಚಿ ಕೆಡದ ಬಿಯರ್ ಮಾಡಬೇಕೆಂಬುದು ಅವಳ ಹಟ. ಎರಡು ವರ್ಷ ಕೈಕೊಟ್ಟ ಮೇಲೆ ಒಂದು ಟ್ಯಾಂಕಿನಷ್ಟು ಬಿಯರ್ ಕೈಹತ್ತಿದಂತೆ ಕಂಡಿತು. ಚಳಿಯ ದೇಶವೊಂದರ ಸ್ಪರ್ಧೆಗೆ ಅದರಿಂದ ಹನ್ನೆರಡು ಬಾಟಲಿ ಹೋಗಬೇಕಿತ್ತು. ಗೆದ್ದರೆ ಅಲ್ಲಿಯ ವರ್ತಕನೊಬ್ಬ ಅವಳ ಬಿಯರನ್ನು ತರಿಸಿಕೊಳ್ಳುತ್ತೇನೆಂದಿದ್ದ. ಕಳಿಸುವ ದಿನ ಪಾರ್ಸೆಲ್ ವ್ಯಾನು ಸಂಜೆ ನಾಲ್ಕಕ್ಕೆ. ಅದು ತಪ್ಪಿದರೆ ಮುಂದಿನ ವರ್ಷವೇ. ಹದಿನೈದು ದಿನ ಅದೇ ವಾಸನೆಯಲ್ಲಿ ಮುಳುಗಿದ್ದ ತನ್ನ ಮೂಗನ್ನು ನಂಬುವ ಧೈರ್ಯವಿಲ್ಲದೆ, ಗತ್ಯಂತರವಿಲ್ಲದೆ, ಅವಳು ಭಾವನನ್ನು ಕರೆಸಿದಳು.

ಮೂರೂಕಾಲಿಗೆ ಲೋಟ ಅವರ ಕೈಗೆ ಬಂತು. ಅವರು ಅದರಲ್ಲಿ ಥರ್ಮಾಮೀಟರ್ ಇಳಿಬಿಟ್ಟು ಕುಳಿತರು.

“ತಾಳು, ಚಳಿ ಬಿಡಲಿ.”

“ತಣ್ಣಗೇ ಕುಡಿಯೋದು ಭಾವ ಇದು.”

“ತಣ್ಣಗಿದ್ದಾಗ ತಪ್ಪೆಲ್ಲ ಮುದುಡಿ ಕೂತಿರುತ್ತೆ ಕಣಮ್ಮ.”

ಅವಳು ಗುಡಿಸಿದ ನೆಲವನ್ನೇ ಮತ್ತೆ ಗುಡಿಸಿದಳು, ನೆಟ್ಟಗಿದ್ದ ಲೇಬಲ್ಲುಗಳನ್ನು ಒತ್ತಿ ಒತ್ತಿ ಸೊಟ್ಟ ಮಾಡಿದಳು, ಗಡಿಯಾರ ನೋಡಿ ಹಲ್ಲು ಕಡಿದಳು. ಭಾವ ಅಂಗೈಯಿಂದ ಲೋಟ ಬೆಚ್ಚಗೆ ಮಾಡುತ್ತಲೇ ಇದ್ದರು. ನಾಲ್ಕಕ್ಕೆ ಐದು ನಿಮಿಷವಿದ್ದಾಗ ಮೊದಲ ಗುಟುಕನ್ನು ಬಾಯಿಗೆ ಬಿಟ್ಟುಕೊಂಡು ಕಣ್ಣು ಮುಚ್ಚಿದರು. ಅಷ್ಟರಲ್ಲಿ ಹೊರಗೆ ವ್ಯಾನಿನ ಹಾರ್ನು ಕೇಳಿ ಅವಳು ದಡಬಡಿಸಿ ಎದ್ದಾಗ ಮೊಣಕೈ ತಗುಲಿ ಅರ್ಧ ಬಿಯರ್ ಅವರ ಕೋಟಿನ ತೋಳಿನ ಮೇಲೆ ಚೆಲ್ಲಿತು.

“ಪರವಾಗಿಲ್ಲ” ಎಂದರು ಅವರು, ಕಣ್ಣು ತೆರೆಯದೆ.

ಅಷ್ಟು ಸಾಕಾಯಿತು ಅವಳಿಗೆ. ಈ ಜನ್ಮದಲ್ಲಿ ಭಾವನ ಬಾಯಿಂದ ಅದಕ್ಕಿಂತ ದೊಡ್ಡ ಪದವಿ ಯಾರಿಗೂ ಸಿಗಲಾರದೆಂದು ಬಲ್ಲವಳು, ಪೆಟ್ಟಿಗೆಯನ್ನು ತಾನೇ ಹೊತ್ತು ವ್ಯಾನಿಗೇರಿಸಿ, ಸಹಿ ಹಾಕಿ, ಕುಣಿಯದಿದ್ದುದೊಂದೇ ಬಾಕಿ ಎಂಬಂತೆ ಒಳಗೆ ಬಂದಳು. ಭಾವ ಎರಡನೆಯ ಗುಟುಕು, ಮೂರನೆಯ ಗುಟುಕು ಮುಗಿಸಿ ಕಣ್ಣು ತೆರೆದಿದ್ದರು.

“ಇದನ್ನ ಕಳಿಸಬೇಡಮ್ಮ.”

“ಈಗ ತಾನೇ ಪರವಾಗಿಲ್ಲ ಅಂದ್ರಲ್ಲ ಭಾವ?”

“ಅದು ಕೋಟಿಗೆ ಅಂದಿದ್ದು.”

ಇಂಥವರ ಜೊತೆ ಏಗುವುದಾದರೂ ಹೇಗೆ, ಹೇಳಿ. ಲೋಟವನ್ನು ಕಿತ್ತುಕೊಂಡು ತಾನೇ ಒಂದು ಗುಟುಕು ಕುಡಿದಳು. ಬೆಚ್ಚಗಾದ ಬಿಯರಿನಲ್ಲಿ, ಧಾನ್ಯದ ಸಿಹಿಯ ಹಿಂದೆ, ತೆಳ್ಳಗೆ ನೇಲ್ ಪಾಲಿಶಿನ ವಾಸನೆ. ಹುದುಗಲಿಟ್ಟ ಮೊದಲ ಎರಡು ದಿನ ಸೆಕೆ ಏರಿ ಯೀಸ್ಟು ಕೆರಳಿದ್ದರ ಗುರುತು. ತಣ್ಣಗಿದ್ದಾಗ ಅದು ಅವಳಿಗೆ ಸಿಕ್ಕಿರಲಿಲ್ಲ.

“ಅಲ್ಲೂ ತಣ್ಣಗೇ ಕೊಡ್ತಾರೆ. ಯಾರಿಗೂ ಗೊತ್ತಾಗಲ್ಲ” ಎಂದಳು. ಭಾವ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಥರ್ಮಾಮೀಟರನ್ನು ಒರೆಸಿ ಜೇಬಿಗಿಟ್ಟರು. ಸಮ್ಮತಿಸಿದ್ದರೆ ಅವರ ಮೇಲೆ ಹೊರೆ ಹಾಕಿ ಸುಮ್ಮನಿರಬಹುದಿತ್ತು, ಬೈದಿದ್ದರೆ ಹಟಕ್ಕೆ ಬಿದ್ದು ಕಳಿಸಿಬಿಡಬಹುದಿತ್ತು. ಪುಣ್ಯಾತ್ಮ ಎರಡಕ್ಕೂ ಆಸ್ಪದ ಕೊಡಲಿಲ್ಲ. ಅವಳು ಅತ್ತಿತ್ತ ನಾಲ್ಕು ಸಲ ಓಡಾಡಿ, ಕೊನೆಗೆ ವ್ಯಾನಿನವನಿಗೆ ಫೋನು ಮಾಡಿದಳು.

“ಪೆಟ್ಟಿಗೆ ವಾಪಸ್ ತನ್ನಿ.”

“ಈಗ ತಾನೇ ಸಹಿ ಹಾಕಿದ್ರಲ್ಲ ಮೇಡಂ?”

“ಹಾಕಿದೆ. ತನ್ನಿ.” ದನಿ ಅಲ್ಲಿಗೆ ಒಡೆಯಿತು. ಎರಡು ವರ್ಷದ ಜೊತೆಗೆ ಇನ್ನೊಂದು ವರ್ಷ ಸೇರಿತು.

ಭಾವ ಎದ್ದು ಬಂದು, ಏನು ಮಾಡಬೇಕೋ ತಿಳಿಯದೆ ನಿಂತು, “ಪರವಾಗಿಲ್ಲ” ಎಂದರು.

“ಇನ್ನೊಂದ್ಸಲ ಆ ಮಾತು ನಿಮ್ಮ ಬಾಯಿಂದ ಬಂದ್ರೆ ಟ್ಯಾಂಕಿಗೆ ನೂಕ್ತೀನಿ ಭಾವ” ಎಂದು ಅವಳು ಅಳುತ್ತಲೇ ಹೇಳಿದಳು.

ಇಂಥವರದೊಂದು ಕುಲವೇ ಇದೆ. ತಮ್ಮ ಒಂದು ಅಜಾಗರೂಕ ‘ಚೆನ್ನಾಗಿದೆ’ ಇಡೀ ಊರಿನ ಹೊಟ್ಟೆಗಿಳಿದೀತೆಂಬ ಭಯದಲ್ಲೇ ಆಯುಷ್ಯ ಸವೆಸಿದವರು, ಹೆಂಡತಿಯ ಅಡುಗೆಯೆದುರಿಗೂ ನಾದಿನಿಯ ಕನಸಿನೆದುರಿಗೂ ಅದೇ ಭಯವನ್ನು ಹೊತ್ತುಕೊಂಡು ಕೂರುತ್ತಾರೆ. ಸಂತೋಷದ ದಿನ ಅವರನ್ನು ಕರೆಯುವಂತಿಲ್ಲ, ದುಃಖದ ದಿನ ಅವರಿಂದ ಸಮಾಧಾನವಿಲ್ಲ. ಆದರೆ ನಮ್ಮ ಕೈಕೆಲಸದ ಮೇಲೆ ನಮಗೇ ಅನುಮಾನ ಹುಟ್ಟಿದ ದಿನ, ಸಿಹಿಮಾತಿನವರ ಮನೆಗಳನ್ನೆಲ್ಲ ದಾಟಿ, ದಾರಿಯುದ್ದಕ್ಕೂ ಬೈದುಕೊಳ್ಳುತ್ತಲೇ ಹೋಗಿ, ನಾವು ತಟ್ಟುವುದು ಅವರ ಬಾಗಿಲನ್ನೇ.