ಕಮಾನಿನ ಕೆಳಗೆ

ಪಿಳ್ಳಣ್ಣ ಸತ್ತದ್ದು ಅರವತ್ತೆಂಟರ ಮಳೆಗಾಲದಲ್ಲಿ. ಅವತ್ತು ಕೆರೆ ಕೋಡಿ ಬಿದ್ದಿತ್ತು. ನಮಗೆ ಬಂದ ಕಷ್ಟವೇ ಅದು. ಕಲ್ಲುಕುಟಿಗರ ಕೇರಿಯ ಹೆಣ ಸ್ಮಶಾನಕ್ಕೆ ಹೋಗಬೇಕಾದರೆ ಕೋಡಿ ಹಳ್ಳ ದಾಟಬೇಕು. ನೆಟ್ಟಗೆ ರಸ್ತೆಯೇನೋ ಇದೆ. ಆದರೆ ರಸ್ತೆಗೆ ಮಹಾರಾಜರ ಕಮಾನಿದೆ. ಊರವರ ಹೆಣ ಅದರಡಿ ಹೋಗಬಹುದು, ನಮ್ಮದು ಹೋದರೆ ಮೈಲಿಗೆ.

ಆ ಕಮಾನು ಕಟ್ಟಿದವನೇ ಪಿಳ್ಳಣ್ಣ. ಮಹಾರಾಜರ ಸವಾರಿ ನಮ್ಮೂರ ಮೇಲೆ ದೇವನಹಳ್ಳಿಗೆ ಹೋಗುತ್ತದೆಂದು ಆಗಿನ ಪಟೇಲರು ಕಟ್ಟಿಸಿದ್ದು. ಎರಡು ಕಂಬ, ಮೇಲೆ ಬಾಗಿದ ಹತ್ತೊಂಬತ್ತು ಕಲ್ಲು, ನಡುಗಲ್ಲಿನಲ್ಲಿ ಗಂಡಭೇರುಂಡ, ಕೆಳಗೆ ಹಾಸುಗಲ್ಲು. ಗಾರೆಯೇ ಇಲ್ಲ, ಒಂದು ಕಲ್ಲನ್ನು ಇನ್ನೊಂದು ಹಿಡಿದುಕೊಂಡಿದೆ. ಕಟ್ಟುವಾಗ ಕಲ್ಲುಗಳ ಕೆಳಗೆ ಆಸರೆಗೆ ಕೊಟ್ಟಿದ್ದ ಮರ ತೆಗೆಯುವ ದಿನ ಯಾರೂ ಹತ್ತಿರ ಸುಳಿಯಲಿಲ್ಲವಂತೆ.

"ಬಿದ್ರೆ ನಿನ್ಮೇಲೇ ಬೀಳ್ಲಿ, ನಿಂತ್ಕೊಳ್ಲಾ" ಎಂದು ಪಟೇಲರು ಪಿಳ್ಳಣ್ಣನನ್ನು ನಡುವೆ ನಿಲ್ಲಿಸಿದರು. ಕಮಾನು ಬೀಳಲಿಲ್ಲ. ಪಟೇಲರಿಗೆ ಶಾಲು ಬಂತು. ಕಂಬದ ಮೇಲೆ ಅವರ ಹೆಸರೂ ಬಂತು. ಅದನ್ನೂ ಪಿಳ್ಳಣ್ಣನೇ ಕೆತ್ತಿದ.

ಚಟ್ಟ ಹೊತ್ತು ಹಳ್ಳದ ದಡದಲ್ಲಿ ನಿಂತೆವು. ನೀರು ಎದೆಮಟ್ಟ.

"ರಸ್ತೆಗೆ ತಿರುಗಿಸ್ರಪ್ಪ" ಎಂದಳು ಅವನ ಹೆಂಡತಿ ಸಪ್ಪಲಮ್ಮ.

ನಾನು ಹಿಂದುಮುಂದು ನೋಡುತ್ತಲೇ ಹೆಗಲು ತಿರುಗಿಸಿದೆ. ನಾಳೆ ಕೂಲಿಗೆ ಕರೆಯುವವರೂ ಊರವರೇ ತಾನೆ?

ಕಮಾನಿನ ಮುಂದೆ ಪಟೇಲರ ಮಗ ವೆಂಕಟರಾಮಪ್ಪ, ಈಗ ಪಂಚಾಯ್ತಿ ಛೇರ್ಮನ್ನರು, ಕೈ ಅಡ್ಡ ಹಿಡಿದರು.

"ಏನಮ್ಮೀ ಇದು? ದೊರೆ ಹೆಸ್ರಿನ ಬಾಗ್ಲು!"

ದೊರೆತನ ಹೋಗಿ ಇಪ್ಪತ್ತು ವರ್ಷವಾಗಿತ್ತು.

"ಹಳ್ಳ ತುಂಬೈತೆ, ಬುದ್ಧಿ."

"ನೀರು ಇಳೀಲಿ. ನಾಳೆ ತಗೊಂಡೋಗಿ."

ಹೆಣ ನಾಳೆಯವರೆಗೆ ಕಾಯಬೇಕಂತೆ! ಸಪ್ಪಲಮ್ಮ ಅವರ ಪಕ್ಕದಲ್ಲೇ ಹಾದು ಕಮಾನಿನ ನಟ್ಟನಡುವೆ ನಿಂತಳು.

"ನಿಮ್ಮಪ್ಪ ನನ್ ಗಂಡನ್ನ ನಿಲ್ಸಿದ್ದು ಇಲ್ಲೇ. ನಾನು ಬಸ್ರಿ, ಆ ಕಡೆ ನಿಂತು ನೋಡ್ತಿದ್ದೆ. ಅವತ್ತು ಮೈಲಿಗೆ ಆಗ್ಲಿಲ್ವಾ?"

ವೆಂಕಟರಾಮಪ್ಪ ಅಡ್ಡ ಹಿಡಿದ ಕೈ ಇಳಿಸಿದರು.

ಅರ್ಧ ದಾರಿಯಲ್ಲಿ ಚಟ್ಟ ಇಳಿಸಿ, ದಿಕ್ಕು ಬದಲಿಸಿ ಮತ್ತೆ ಎತ್ತುವುದು ನಮ್ಮ ಪದ್ಧತಿ. ಯಾವತ್ತೂ ಹಳ್ಳದ ಕೆಸರಿನಲ್ಲೇ ಇಳಿಸುತ್ತಿದ್ದೆವು.

"ಇಲ್ಲೇ ಇಳಿಸ್ರೋ" ಎಂದಳು.

ಚಟ್ಟಕ್ಕೆ ಮುಂದೆ ಹೆಗಲು ಕೊಟ್ಟಿದ್ದ ಮುನಿರಾಮಯ್ಯ ಮೊದಲು ಹೆಜ್ಜೆಯಿಟ್ಟ. ಆಮೇಲೆ ಹೊತ್ತಿದ್ದ ನಾವು ಉಳಿದ ಮೂವರೂ ಇಟ್ಟೆವು. ವೆಂಕಟರಾಮಪ್ಪ ಹಿಂದೆ ಸರಿದರು. ಪಿಳ್ಳಣ್ಣ ತಾನು ಕೂರಿಸಿದ ಕಲ್ಲುಗಳ ಕೆಳಗೆ ಮುಖ ಮೇಲೆ ಮಾಡಿ ಮಲಗಿದ್ದ. ಸಪ್ಪಲಮ್ಮ ಆಗ ಅತ್ತಳು. ಅಲ್ಲಿಯವರೆಗೆ ಅತ್ತಿರಲಿಲ್ಲ.

ಮಾರನೇ ಬೆಳಿಗ್ಗೆ ತಳವಾರ ಕೇರಿಗೆ ಬಂದ. ಹೆಣ ಇಳಿಸಿದ ಹಾಸುಗಲ್ಲು ಕಿತ್ತು ಹೊಸದು ಹಾಕಬೇಕಂತೆ. ಅದಕ್ಕೂ ನಾವೇ ಬರಬೇಕಂತೆ.

ಆ ವಾರ ಯಾರೂ ನಮ್ಮನ್ನು ಕೂಲಿಗೆ ಕರೆಯಲಿಲ್ಲ. ಎಷ್ಟೋ ಮನೆಯಲ್ಲಿ ಒಲೆ ಉರಿಯಲಿಲ್ಲ. ಆದರೂ ಆ ಹಾಸುಗಲ್ಲು ಕೀಳಲು ಒಬ್ಬರೂ ಉಳಿ ಎತ್ತಲಿಲ್ಲ.